ನಮ್ಮ ಮನೆಯ ಸಾಸಿವೆ ಕಮಿಟಿ

ನಮ್ಮ ಮನೆಯ ಬೆಕ್ಕು ಒಮ್ಮೆ ಬರೀ ಹಾಲು ಕುಡಿಯಲಿಲ್ಲ, ಒಂದು ನಿಯಮವನ್ನೇ ಕುಡಿದುಬಿಟ್ಟಿತು ಎಂದರೆ ನೀವು ನಂಬುತ್ತೀರಾ? ನಂಬದಿದ್ದರೂ ಪರವಾಗಿಲ್ಲ. ನನ್ನ ಮೈದುನನ ಜೊತೆ ಒಂದು ವಾರ ಇದ್ದು ನೋಡಿ. ಆಮೇಲೆ ಬೆಕ್ಕಿನ ಮೇಲೆ ಆಕ್ಷೇಪಣೆ ಎತ್ತುವವರು ನೀವೇ!

ಮೈದುನ ಎಂದರೆ ನಮ್ಮ ಯಜಮಾನರ ಒಬ್ಬನೇ ತಮ್ಮ. ನಾನು ಸೊಸೆಯಾಗಿ ಈ ಮನೆಗೆ ಬಂದಾಗ ಅವನು ಚಡ್ಡಿಗೆ ಗುಂಡಿ ಹಾಕಿಕೊಳ್ಳಲು ಬಾರದ ಪೋರ. ಗುಂಡಿ ಹಾಕಿಕೊಟ್ಟವಳು ನಾನು. ಹಾಗಾಗಿ ಈಗ ತಲೆ ಪೂರ್ತಿ ನೆರೆತಿದ್ದರೂ ಅವನನ್ನು ‘ಲೋ’ ಎಂದು ಕರೆಯುವ ಹಕ್ಕು ನನಗಿದೆ. ಅದನ್ನು ಯಾವ ಸಮಿತಿಯೂ ರದ್ದು ಮಾಡಲಾರದು.

ದೊಡ್ಡವನಾದ ಮೇಲೆ ಅವನು ಬೆಂಗಳೂರಿಗೆ ಹೋಗಿ ವಿಧಾನಸೌಧದಲ್ಲಿ ದಲಾಯತನಾದ. ಎದೆಯ ಮೇಲೆ ಅಡ್ಡಡ್ಡ ಕೆಂಪು ಪಟ್ಟಿ, ಅದಕ್ಕೊಂದು ಹಿತ್ತಾಳೆ ಬಿಲ್ಲೆ. ಬಾಗಿಲು ತೆಗೆಯುವುದು, ಕಡತ ಹೊರುವುದು, ಕಾಫಿ ತರುವುದು ಅವನ ಕೆಲಸ. ಆ ಬಾಗಿಲಿನ ಒಳಗೆ ಯಾರು ಕೂರುತ್ತಿದ್ದರು ಎನ್ನುವುದೇ ಈ ಕಥೆಯ ಬೇರು.

ಅವನು ರಜೆಗೆ ಬಂದಿದ್ದಾಗ ಒಂದು ದಿನ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಅಡುಗೆಮನೆ ಬಾಗಿಲಲ್ಲಿ ನಿಂತು ಎದೆ ಉಬ್ಬಿಸಿಕೊಂಡು ಹೇಳಿದ: “ಅತ್ತಿಗೆ, ನನ್ನನ್ನ ಅಧೀನ ಶಾಸನ ರಚನಾ ಸಮಿತಿಗೆ ಹಾಕಿದ್ದಾರೆ!”

ಚಟಪಟ ಸದ್ದಿನಲ್ಲಿ ನನಗೆ ಕೇಳಿಸಿದ್ದು ಒಂದೇ ಮಾತು.

“ಸಾಸಿವೆಗೂ ಒಂದು ಸಮಿತಿ ಮಾಡಿದ್ದಾರೇನೋ? ಜೀರಿಗೆಗೆ ಬೇರೆ ಇದೆಯಾ, ಎರಡಕ್ಕೂ ಒಂದೇನಾ?”

“ಸಾಸಿವೆ ಅಲ್ಲ ಅತ್ತಿಗೆ, ಶಾಸನ! ಶಾ-ಸ-ನ!”

ಅವನು ತಿದ್ದಿದ್ದು ಅಡುಗೆಮನೆಯೊಳಗೇ ಉಳಿಯಿತು. ನಾನು ಹೇಳಿದ್ದು ಜಗಲಿ ದಾಟಿ ಊರೆಲ್ಲ ಸುತ್ತಿತು. ಸರ್ಕಾರ ಸಾಸಿವೆಗೆ ಒಂದು ಕಮಿಟಿ ಮಾಡಿದೆ, ಅದನ್ನು ಕಾಯುವುದಕ್ಕೆ ನಮ್ಮ ಹುಡುಗನನ್ನೇ ಇಟ್ಟಿದೆ ಎಂದು ಎಲ್ಲರಿಗೂ ಹೆಮ್ಮೆ. ಪಕ್ಕದ ಮನೆಯ ಅಜ್ಜಿಯಂತೂ ಸೆರಗಿನಲ್ಲಿ ಒಂದು ಹಿಡಿ ಕಟ್ಟಿಕೊಂಡು ಬಂದೇಬಿಟ್ಟರು. “ಇದನ್ನ ನಿಮ್ಮ ಕಮಿಟಿಗೆ ತೋರಿಸಪ್ಪಾ. ಸಿಡಿಯಲ್ಲ, ಬರೀ ಹೊಗೆ!”

ಅಂದಿನಿಂದ ಅವನಿಗೆ ಊರಿನಲ್ಲಿ ‘ಸಾಸಿವೆ ಕಮಿಟಿ’ ಎಂದೇ ಹೆಸರು.

ನಿಜವಾಗಿ ಆ ಸಮಿತಿ ಏನು ಮಾಡುತ್ತದೆ? ನಾನು ಓದಿದ್ದು ಮೂರನೇ ಕ್ಲಾಸು. ಅವನು ಬಿಡಿಸಿ ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ದೊಡ್ಡ ಸಭೆಯಲ್ಲಿ ಕೂತು ಒಂದು ಕಾಯಿದೆ ಮಾಡುತ್ತಾರಂತೆ. ಅದರ ಕೆಳಗೆ ಚಿಕ್ಕಪುಟ್ಟ ನಿಯಮಗಳನ್ನು ಮಾಡುವುದು, ಬೇಕಾದಾಗ ಬದಲಾಯಿಸುವುದು ಅಧಿಕಾರಿಗಳಿಗೆ ಬಿಟ್ಟದ್ದು. ಹಾಗೆ ಬದಲಾಯಿಸಿದ್ದನ್ನೆಲ್ಲ ಸದನದ ಮೇಜಿನ ಮೇಲೆ ಇಡಬೇಕು. ಕದ್ದುಮುಚ್ಚಿ ಜಾರಿ ಮಾಡುವ ಹಾಗಿಲ್ಲ. ತಾಯಿ ಹೇಳಿದ್ದು ಒಂದು, ಮಕ್ಕಳು ಮಾಡಿದ್ದು ಇನ್ನೊಂದು ಆಗಿದೆಯೇ ಎಂದು ಸಮಿತಿ ನೋಡುತ್ತದೆ. ಇಷ್ಟೇ! ನಮ್ಮತ್ತೆ ಬದುಕಿದ್ದಷ್ಟು ದಿನ ಈ ಮನೆಯಲ್ಲಿ ಇದೇ ಕೆಲಸ ಮಾಡಿದ್ದರು, ಪಾಪ, ಸಂಬಳವೂ ಇಲ್ಲದೆ.

ಎಮರ್ಜೆನ್ಸಿ ಮುಗಿದ ಮೇಲೆ ಮೈದುನ ನಿವೃತ್ತಿಯಾಗಿ ಬೈರಕೂರಿನ ಪಕ್ಕದ ನಮ್ಮೂರಿಗೇ ಬಂದ. ಮದುವೆಯಾಗಿರಲಿಲ್ಲ. ಒಂದು ಟ್ರಂಕು, ಒಂದು ಹಾಸಿಗೆ, ಅಷ್ಟೇ ಸಾಮಾನು. ಬಂದವನೇ ಮುಳಬಾಗಿಲಿಗೆ ಹೋಗಿ ಆಚಾರಿಯ ಹತ್ತಿರ ಒಂದು ಮೇಜು ಮಾಡಿಸಿ, ಎತ್ತಿನ ಗಾಡಿಯಲ್ಲಿ ಹೇರಿಸಿಕೊಂಡು ಬಂದ. ಅದು ನಮ್ಮ ಬಾಗಿಲಿನಲ್ಲಿ ನೆಟ್ಟಗೆ ಹಿಡಿಸದೆ, ಹಟ ಮಾಡುವ ಕರುವಿನ ಹಾಗೆ ಕಾಲು ಮುಂದೆ ಮಾಡಿಕೊಂಡು ಒಳಗೆ ಬಂತು.

“ನಾವು ಚಾಪೆ ಮೇಲೆ ಕೂತು ಉಣ್ಣೋ ಜನ. ನಮಗ್ಯಾಕೋ ಮೇಜು?” ಎಂದೆ.

“ಮೇಜಿಲ್ಲದ ಮನೇಲಿ ನಿಯಮಾನ ಎಲ್ಲಿ ಮಂಡಿಸ್ತೀರಿ ಅತ್ತಿಗೆ?”

ಶುರುವಾಯಿತು! ಮನೆಯಲ್ಲಿ ಯಾರು ಏನು ಬದಲಾಯಿಸಿದರೂ ಮೊದಲು ಮೇಜಿನ ಮೇಲೆ ಇಡಬೇಕು. ಎಲ್ಲರೂ ನೋಡಬೇಕು. ಸೋಮವಾರ ಬೆಳಗ್ಗೆ ಅಧ್ಯಕ್ಷರು, ಎಂದರೆ ಅವನೇ, “ಆಕ್ಷೇಪಣೆ ಇದ್ಯಾ?” ಎಂದು ಕೇಳುತ್ತಾರೆ. ಇಲ್ಲವಾದರೆ ಜಾರಿ. ಬರೆದಿಡೋಣ ಎಂದರೆ ನನ್ನ ಅಕ್ಷರ ನನಗೇ ಅರ್ಥವಾಗದು. ನಮ್ಮ ಯಜಮಾನರ ಕನ್ನಡಕವಂತೂ ಹುಲ್ಲಿನ ಮೆದೆಯಲ್ಲೋ ಹಿಪ್ಪುನೇರಳೆ ತೋಟದಲ್ಲೋ ಇರುತ್ತದೆ, ಮೂಗಿನ ಮೇಲೆ ಮಾತ್ರ ಇರುವುದಿಲ್ಲ. ಅದಕ್ಕೆ ನಾನೇ ಒಂದು ದಾರಿ ಮಾಡಿದೆ: ಯಾವುದರ ಬದಲಾವಣೆಯೋ ಆ ವಸ್ತುವನ್ನೇ ಇಟ್ಟುಬಿಡುವುದು! ಕಾಫಿ ಹೊತ್ತು ಬದಲಾದರೆ ಲೋಟ. ಬಾಗಿಲು ಹಾಕುವ ಹೊತ್ತು ಬದಲಾದರೆ ಬೀಗ. ಸ್ನಾನಕ್ಕೆ ಮೊದಲು ಯಾರು ಎನ್ನುವ ಜಗಳಕ್ಕೆ ಚೊಂಬು. ಒಂದು ಸಲ ಬಾಗಿಲ ಮುಂದೆ ಹೋಗುತ್ತಿದ್ದ ಪಾತ್ರೆ ವ್ಯಾಪಾರಿ ಒಳಗೆ ಇಣುಕಿ, “ಅಮ್ಮಾ, ನೀವೂ ಅಂಗಡಿ ಇಟ್ರಾ? ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ!” ಎಂದು ಕೈಮುಗಿದ.

ಬೆಕ್ಕು ನಿಯಮ ಕುಡಿದದ್ದು ಆಗಲೇ. ರಾತ್ರಿ ಹಾಲು ಕುಡಿಯುವುದು ಬೇಡ, ಎಲ್ಲ ಹಾಲಿಗೂ ಹೆಪ್ಪು ಹಾಕೋಣ ಎಂದು ನಾನು ತಿದ್ದುಪಡಿ ತಂದೆ. ಒಂದು ಬಟ್ಟಲು ಹಾಲು ಮೇಜಿನ ಮೇಲೆ ಮಂಡನೆಯಾಯಿತು. ಅಧ್ಯಕ್ಷರು ಬಂದು ನೋಡುತ್ತಾರೆ, ಬಟ್ಟಲು ಬರಿದು, ಬೆಕ್ಕು ಮೀಸೆ ನೆಕ್ಕುತ್ತಿದೆ.

“ಕಣ್ಣಿಗೆ ಕಾಣದ ನಿಯಮ ಜಾರಿ ಆಗಲ್ಲ. ಬಿದ್ದುಹೋಯ್ತು!” ಎಂದ.

ರಾತ್ರಿ ಹಾಲಿಲ್ಲದೆ ನಿದ್ದೆ ಬಾರದ ನಮ್ಮ ಯಜಮಾನರು ಆ ಬೆಕ್ಕಿಗೆ ಮಾರನೆಯ ದಿನ ತುಪ್ಪದ ಅನ್ನ ಹಾಕಿದ್ದನ್ನು ನಾನೇ ಕಣ್ಣಾರೆ ನೋಡಿದೆ. ಬೆಕ್ಕು ತಾನಾಗಿ ಮೇಜು ಹತ್ತಿತೋ, ಯಾರಾದರೂ ಹತ್ತಿಸಿದರೋ? ಆ ವಿಷಯ ಇಂದಿಗೂ ತನಿಖೆಯಲ್ಲಿದೆ.

ನಮ್ಮ ಯಜಮಾನರು ಈ ಸಮಿತಿಯಿಂದ ಗಿಟ್ಟಿಸಿಕೊಂಡಷ್ಟು ಯಾರೂ ಗಿಟ್ಟಿಸಿಕೊಂಡಿಲ್ಲ. ಡಾಕ್ಟರು ಸಕ್ಕರೆ ಕಮ್ಮಿ ಮಾಡಿ ಎಂದಿದ್ದರು. ಬೆಳಗ್ಗೆ ನಾನು ಕಾಫಿ ಕೊಡುವಾಗ ಯಜಮಾನರು ಗತ್ತಿನಿಂದ ಹೇಳಿದರು: “ನಿನ್ನೆಯಿಂದ ನಾನು ಸಕ್ಕರೆ ಬಿಟ್ಟಿದ್ದೀನಿ.”

ತಮ್ಮ ತಟ್ಟನೆ ಎದ್ದ. “ನಿನ್ನೆಯಿಂದ ಹೆಂಗಣ್ಣಾ? ಇವತ್ತು ಹೇಳಿ ನಿನ್ನೆಯಿಂದ ಜಾರಿ ಮಾಡೋ ಅಧಿಕಾರ ನಿನಗೆ ಯಾರು ಕೊಟ್ರು? ಪೂರ್ವಾನ್ವಯ ನಡೆಯಲ್ಲ! ನಮ್ಮ ಸಮಿತಿ ಅದೊಂದನ್ನ ಸುತರಾಂ ಒಪ್ತಿರಲಿಲ್ಲ.”

“ಹಂಗಾದ್ರೆ ಈ ನಿಯಮ ರದ್ದೇನೋ?”

“ರದ್ದು!”

“ಅಯ್ಯೋ, ಕಾನೂನು ಅಂದ್ಮೇಲೆ ತಲೆ ಬಾಗಿಸಬೇಕಪ್ಪಾ,” ಎಂದು ಯಜಮಾನರು ಎರಡು ಚಮಚ ಸಕ್ಕರೆ ಸುರಿದುಕೊಂಡರು. ಆಮೇಲೆ ದಿನಾ ಬೆಳಗ್ಗೆ ಅವರು ‘ನಿನ್ನೆಯಿಂದ’ ಸಕ್ಕರೆ ಬಿಡುವುದು, ದಿನಾ ಅದು ರದ್ದಾಗುವುದು!

ಮನೆಯೊಳಗಿನದು ಹಾಗಿರಲಿ, ಊರನ್ನಾದರೂ ಬಿಟ್ಟನೇ? ಶ್ರೀನಿವಾಸಪುರದ ಕಡೆ ಹೋಗುವ ಖಾಸಗಿ ಬಸ್ಸು ಮೊದಲು ಹುಣಸೆಮರದ ಹತ್ತಿರ ನಿಲ್ಲುತ್ತಿತ್ತು. ಒಂದು ದಿನ ಇದ್ದಕ್ಕಿದ್ದಂತೆ ಟೀ ಅಂಗಡಿಯ ಮುಂದೆ ನಿಲ್ಲತೊಡಗಿತು. ಮೈದುನ ಕಂಡಕ್ಟರನ್ನು ಹಿಡಿದುಕೊಂಡ.

“ಯಾವ ಅಧಿಕಾರದಲ್ಲಿ ಸ್ಟಾಪು ಬದಲಾಯಿಸಿದ್ರಿ?”

“ಡ್ರೈವರ್‌ಗೆ ಟೀ ಬೇಕು ಸಾಮೀ. ಅದೇ ಅಧಿಕಾರ.”

“ಮೇಜಿನ ಮೇಲೆ ಇಟ್ಟಿದ್ರಾ?”

“ಟೀನಾ?”

“ನಿಯಮಾನ ಕಣಯ್ಯಾ!”

“ಬಸ್ಸಲ್ಲಿ ಕೂರೋಕೆ ಸೀಟೇ ಇಲ್ಲ, ನಿಮಗೆ ಮೇಜು ಎಲ್ಲಿಂದ ತರ್ಲಿ ಸಾಮೀ! ರೈಟ್, ಪೋನಿ ಪೋನಿ, ಹೊರಡ್ಲಿ!”

ಬಸ್ಸೆಲ್ಲ ಗೊಳ್ಳೆಂದಿತು. ಇವನು ಮಾತ್ರ ಸೋಲಲಿಲ್ಲ. ಬೇರೆಯವರೆಲ್ಲ ಟೀ ಅಂಗಡಿ ಮುಂದೆ ಹತ್ತಿದರೆ ಇವನು ಹುಣಸೆಮರದ ಕೆಳಗೆ ಕೈ ಚಾಚಿಕೊಂಡು ನಿಲ್ಲುತ್ತಿದ್ದ. ಬಸ್ಸು ಅವನಿಗೆ ಧೂಳು ಕೊಟ್ಟು ಹೋಗುತ್ತಿತ್ತು. ಕಂಡಕ್ಟರ್ ಕಿಟಕಿಯಿಂದ “ಮೇಜು ಸಾಮೀ, ನಮಸ್ಕಾರ!” ಎಂದು ಕೂಗುತ್ತಿದ್ದ. ಇವನು ನಡೆದೇ ಹೋಗಿ, ನಡೆದೇ ಬಂದು, “ಹಳೇ ಸ್ಟಾಪು ಇನ್ನೂ ಊರ್ಜಿತದಲ್ಲಿದೆ” ಎನ್ನುತ್ತ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

ಇಂಥವನನ್ನು ನಾನು ಒಮ್ಮೆ ಸರಿಯಾಗಿ ಸಿಕ್ಕಿಸಿದೆ. ಅವನದೇ ಒಂದು ಕಟ್ಟಳೆ ಇತ್ತು: ಅಧ್ಯಕ್ಷನ ಕುರ್ಚಿಯಲ್ಲಿ ಕೂತವನು ತಾನೇ ಆಕ್ಷೇಪಣೆ ಎತ್ತುವಂತಿಲ್ಲ. ಕೇಳಬಹುದು, ಹೇಳುವ ಹಾಗಿಲ್ಲ. ಅವನಿಗೆ ಹಾಗಲಕಾಯಿ ಕಂಡರೆ ಆಗದು. ಚಿಕ್ಕವನಿದ್ದಾಗ ಅದನ್ನು ನನ್ನ ತಟ್ಟೆಗೆ ದಾಟಿಸಿ ನನ್ನ ಮುಖ ನೋಡುತ್ತಿದ್ದ. ನಾನು ಯಾರಿಗೂ ಹೇಳದೆ ತಿಂದುಬಿಡುತ್ತಿದ್ದೆ. ಈ ಸಲ ಒಂದು ದಪ್ಪ ಹಾಗಲಕಾಯಿಯನ್ನು ತಂದು ಮೇಜಿನ ಮೇಲೆ ಇಟ್ಟೆ. ಇನ್ನು ಮೇಲೆ ಪ್ರತಿ ಗುರುವಾರ ಇದೇ ಪಲ್ಯ!

ಸೋಮವಾರ ಬಂತು. ಅಧ್ಯಕ್ಷರು ಕೇಳಿದರು: “ಆಕ್ಷೇಪಣೆ ಇದ್ಯಾ?”

ನಾನು ಸೀರೆಯ ಅಂಚು ನೋಡಿಕೊಂಡೆ. ಯಜಮಾನರು ತೊಲೆ ಎಣಿಸಿದರು.

“ಆಕ್ಷೇಪಣೆ... ಇದ್ಯಾ?” ಎರಡನೇ ಸಲ ಕೇಳಿದ. ಅಣ್ಣನ ಕಡೆ ನೋಡಿದ. ನನ್ನ ಕಡೆ ನೋಡಿದ. ಕಣ್ಣಲ್ಲಿ ಅದೇ ಚಡ್ಡಿ ಹಾಕಿದ ಹುಡುಗ! ಯಾರಾದರೂ ಒಂದು ಮಾತು ಹೇಳ್ರೋ ಎಂದು ಬಾಯಿ ಬಿಡದೆ ಬೇಡುತ್ತಿದ್ದ. ನಾವು ಕಲ್ಲಿನ ಹಾಗೆ ಕೂತೆವು.

“ಅಂಗೀಕಾರ,” ಎಂದ, ಹೊಟ್ಟೆ ನೋವು ಬಂದವನ ಹಾಗೆ.

ಮಳೆಗಾಲವೆಲ್ಲ ಗುರುವಾರ ಗುರುವಾರ ಕಣ್ಣು ಮುಚ್ಚಿಕೊಂಡು ನುಂಗಿದ! ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ.

ಆಮೇಲೆ ನಮ್ಮ ಮನೆಗೆ ಮೊದಲ ಮೊಮ್ಮಗಳು ಬಂದಳು. ನನ್ನ ಮಗಳನ್ನು ಗೌನಿಪಲ್ಲಿಗೆ ಕೊಟ್ಟಿದ್ದೆವು. ಚೊಚ್ಚಲ ಹೆರಿಗೆ ನಮ್ಮಲ್ಲೇ ಆಯಿತು. ಆ ಮಗುವಿನ ಕೆನ್ನೆ, ಆ ಮುಷ್ಟಿ, ಆ ಆಕಳಿಕೆ! ಬರೆಯುತ್ತಾ ಹೋದರೆ ನೀವು ಸಾಕಮ್ಮಾ ಎನ್ನುತ್ತೀರಿ, ಬಿಡುತ್ತೇನೆ. ಬಿಡಲಾರದವನು ಮೈದುನ. ಮಗುವಿಗೆ ಎಣ್ಣೆ ನೀರು ಹಾಕುವಾಗ ಬಚ್ಚಲುಮನೆ ಬಾಗಿಲಲ್ಲಿ ದಲಾಯತನ ಹಾಗೆ ನೆಟ್ಟಗೆ ನಿಂತು, ಬಂದವರನ್ನೆಲ್ಲ ತಡೆಯುತ್ತಿದ್ದ: “ಒಳಗೆ ಸಭೆ ನಡೀತಿದೆ!” ಜೋಗುಳ ಹಾಡು ಎಂದರೆ ಅವನಿಗೆ ಬರುವುದಾದರೂ ಏನು? ವಿಧಾನಸೌಧದ ಬಾಗಿಲಲ್ಲಿ ನಿಂತು ಕೇಳಿದ ತಿದ್ದುಪಡಿಯ ಮಾತೇ ಅವನ ಜೋಗುಳ. “ಎಂಬ ಪದದ ಬದಲಿಗೆ... ಎಂಬ ಪದವನ್ನು... ಪ್ರತಿಯೋಜಿಸತಕ್ಕದ್ದು... ಪ್ರತಿಯೋಜೋ... ಜೋ ಜೋ...” ನೀವು ನಗಿ, ಮಗು ಮಾತ್ರ ಅದಕ್ಕೇ ಮಲಗುತ್ತಿತ್ತು!

ಬಾಣಂತಿಯನ್ನೂ ಮಗುವನ್ನೂ ಗಂಡನ ಮನೆಗೆ ಕಳಿಸುವುದು ಐದನೇ ತಿಂಗಳಲ್ಲಿ. ಎರಡೂ ಮನೆಯಲ್ಲಿ ಅದೇ ವಾಡಿಕೆ. ಆದರೆ ಮೂರನೇ ತಿಂಗಳಿಗೇ ನಮ್ಮ ಬೀಗಿತ್ತಿ ಮಾವಿನಹಣ್ಣಿನ ಬುಟ್ಟಿ ಹಿಡಿದು ಬಂದೇಬಿಟ್ಟರು. ಗೌನಿಪಲ್ಲಿಯವರು, ಮಾತಿನಲ್ಲಿ ಅರ್ಧ ತೆಲುಗು. ನನ್ನನ್ನು ಅತ್ತಿಗೆ ಎನ್ನುವ ಬದಲು ವದಿನಾ ಎನ್ನುತ್ತಾರೆ, ಮೈದುನನನ್ನು ಅಣ್ಣ ಎನ್ನುವ ಬದಲು ಅನ್ನಯ್ಯಾ ಎನ್ನುತ್ತಾರೆ.

“ವದಿನಾ, ಮಾವಿನ ಸುಗ್ಗಿಗೆ ನಮ್ಮ ನೆಂಟರೆಲ್ಲ ತೋಟಕ್ಕೆ ಬರ್ತಾರೆ. ಮೊಮ್ಮಗಳನ್ನ ತೋರಿಸ್ಬೇಕು. ನಮ್ಮನೇಲಿ ಈಗ ಐದು ಬಿಟ್ಟು ಮೂರು ತಿಂಗಳು ಮಾಡಿದೀವಿ. ನಾಳೆನೇ ಕರ್ಕೊಂಡು ಹೋಗ್ತೀನಿ.”

ಆಕೆಯೂ ಅಜ್ಜಿಯೇ, ಆಸೆ ಇರುವುದಿಲ್ಲವೇ? ಏನೆಂದು ಬೇಡ ಎನ್ನಲಿ?

ಮೈದುನ ಗಂಟಲು ಸರಿಮಾಡಿಕೊಂಡ. “ಈ ಬದಲಾವಣೆ ಯಾವಾಗ ಮಾಡಿದ್ರಮ್ಮಾ?”

“ಮೊನ್ನೆ ಹಬ್ಬದಲ್ಲಿ ಎಲ್ಲಾ ಕೂತು ಮಾತಾಡಿದ್ವಿ.”

“ಮಗು ಹುಟ್ಟಿದ್ದು?”

“ಅದಕ್ಕೆ ಮುಂಚೆ. ಇದೇಮಿ ಅನ್ನಯ್ಯಾ, ನಿಮಗೆ ಗೊತ್ತಿಲ್ವಾ?”

ಅವನು ಮೇಜಿನ ಮೇಲೆ ಗುದ್ದಿದ ರಭಸಕ್ಕೆ ಬೆಕ್ಕು ಅಟ್ಟ ಹತ್ತಿತು. “ಪೂರ್ವಾನ್ವಯ! ನಡೆಯಲ್ಲ! ಈ ಮಗು ಹುಟ್ಟಿದ್ದು ಹಳೇ ನಿಯಮದ ಕೆಳಗೆ. ಹೊಸ ನಿಯಮ ಏನಿದ್ರೂ ಮುಂದಿನ ಮಗುವಿಗೆ!”

ಬೀಗಿತ್ತಿ ಒಂದು ಗಳಿಗೆ ಕಣ್ಣು ಬಿಟ್ಟುಕೊಂಡು ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. “ಅಯ್ಯೋ ದೇವುಡಾ! ಮುಂದಿನ ಮಗೂನೂ ಇದೆ ಅಂತ ಕಮಿಟಿಯೇ ಹೇಳ್ಬಿಡ್ತಲ್ಲಾ ವದಿನಾ! ಹಂಗಾದ್ರೆ ಒಪ್ಪಿದೆ.” ಬುಟ್ಟಿಯಿಂದ ಮೂರು ಮಾವಿನಹಣ್ಣು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. “ಇದು ಮುಂದಿನ ಮಗುವಿನ ನಿಯಮ. ಮೂರು ತಿಂಗಳು. ನೋಡ್ಕೊಳ್ಳಿ ಅನ್ನಯ್ಯಾ, ಆಮೇಲೆ ಮಾತು ತಿರುಗಿಸ್ಬಾರ್ದು!”

“ಅಂಗೀಕಾರ!” ಎಂದ ಗೆದ್ದವನ ಗತ್ತಿನಲ್ಲಿ. ಆ ಹಣ್ಣುಗಳನ್ನು ಅವತ್ತೇ ಕೊಯ್ದು ತಿಂದೆವು. ಸಿಹಿಯೋ ಸಿಹಿ!

ಮಗು ಐದನೇ ತಿಂಗಳವರೆಗೂ ನಮ್ಮಲ್ಲೇ ಆಡಿಕೊಂಡು, ನಕ್ಕುಕೊಂಡು, ಆಮೇಲೆ ಗೌನಿಪಲ್ಲಿಗೆ ಹೋಯಿತು. ವರ್ಷಗಳು ಹೋದವು. ಈ ವರ್ಷ, ಕೇಳಿ, ನಮಗೆ ಮೊಮ್ಮಗ! ಮತ್ತೆ ನಮ್ಮ ಮನೆಯಲ್ಲೇ! ಕುರುಡುಮಲೆ ಗಣಪತಿಗೆ ಕಡುಬು ಮಾಡಿಸಿದೆ, ಊರಿಗೆಲ್ಲ ಸಕ್ಕರೆ ಹಂಚಿದೆ. ಯಜಮಾನರು ಹಂಚಬೇಕಾದ ಸಕ್ಕರೆಯಲ್ಲಿ ಅರ್ಧ ತಾವೇ ತಿಂದರು. ಮೈದುನ ಮತ್ತೆ ಬಚ್ಚಲುಮನೆ ಬಾಗಿಲಿಗೆ ನಿಂತ. ಮತ್ತೆ ಪ್ರತಿಯೋಜೋ ಜೋ.

ಮೂರನೇ ತಿಂಗಳು ತುಂಬುವ ಹೊತ್ತಿಗೆ ಮತ್ತೆ ಮಾವಿನ ಕಾಲ. ಒಂದು ಬೆಳಗ್ಗೆ ಬೀಗಿತ್ತಿ ಮೊಮ್ಮಗಳ ಕೈ ಹಿಡಿದುಕೊಂಡು ನಗುನಗುತ್ತ ಒಳಗೆ ಬಂದರು. ಮಾತಿಲ್ಲ ಕಥೆಯಿಲ್ಲ, ಸೀದಾ ಹೋಗಿ ಮೇಜಿನ ಮೇಲೆ ಮೂರು ಮಾವಿನಹಣ್ಣು ಇಟ್ಟರು.

ಮೈದುನನ ಮುಖ ನೋಡಬೇಕಿತ್ತು! ತಾನೇ ಕೊಟ್ಟ ತೀರ್ಪು ತನ್ನ ಮುಂದೆ ಹಳದಿಯಾಗಿ ಕೂತಿದೆ. ಏನು ಮಾಡಿಯಾನು? ಪಂಚೆ ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತ. ಮಗಳು ಮೊಮ್ಮಗನನ್ನು ತಂದು ಹಣ್ಣುಗಳ ಪಕ್ಕದಲ್ಲಿ ಮಲಗಿಸಿದಳು. ವಿಷಯ ಯಾವುದೋ ಅದನ್ನೇ ಇಡಬೇಕಲ್ಲ! ಮಗು ಕೈಕಾಲು ಬಡಿಯಿತು, ಒಂದು ಹಣ್ಣನ್ನು ಒದ್ದು ಉರುಳಿಸಿತು, ಆಮೇಲೆ ಮೇಜಿನ ಮೇಲೆಲ್ಲ ಉಚ್ಚೆ ಹೊಯ್ದಿತು.

“ಅದರ ಅಭಿಪ್ರಾಯ ತಿಳೀತು,” ಎಂದರು ಯಜಮಾನರು.

ಎಲ್ಲರೂ ನಕ್ಕರು. ಅಧ್ಯಕ್ಷರು ನಗಲಿಲ್ಲ. ಹೆಗಲ ಮೇಲಿನ ಟವಲಿನಿಂದ ಮೇಜು ಒರೆಸಿದ, ಮಗುವಿನ ಕಾಲನ್ನೂ ಒರೆಸಿದ. ಕೇಳಿದ: “ಆಕ್ಷೇಪಣೆ ಇದ್ಯಾ?”

ಕೊಟ್ಟ ಮಾತು, ಏನು ಹೇಳುವುದು?

“ಆಕ್ಷೇಪಣೆ... ಇದ್ಯಾ?”

ಅಣ್ಣನ ಕಡೆ ನೋಡಿದ. ಆಮೇಲೆ ನನ್ನ ಕಡೆ ನೋಡಿದ. ಆಗ ನನಗೆ ಗುರುತು ಸಿಕ್ಕಿತು. ಹಾಗಲಕಾಯಿಯ ದಿನದ ಅದೇ ಕಣ್ಣು! ಮದುವೆಯಿಲ್ಲ, ಮಕ್ಕಳಿಲ್ಲ. ಒಂದು ಆಯುಷ್ಯವೆಲ್ಲ ಯಾರದೋ ಬಾಗಿಲು ತೆಗೆದು ಮುಚ್ಚಿ ಬಂದವನು, ಈ ಮನೆಯಲ್ಲಿ ನಮ್ಮನ್ನೆಲ್ಲ ಒಂದು ಮೇಜಿನ ಸುತ್ತ ಕೂರಿಸಿಕೊಂಡಿದ್ದ. ಅಧ್ಯಕ್ಷ ಕೇಳಬಹುದು, ಹೇಳುವಂತಿಲ್ಲ. ಅವನ ತಟ್ಟೆಯ ಕಹಿಯನ್ನು ತಿನ್ನಬೇಕಾದವಳು ನಾನಲ್ಲವೇ?

“ಇದೆ ಕಣೋ,” ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು.

“ನಿಯಮದಲ್ಲಿ ಮಗು ಮೂರನೇ ತಿಂಗಳಿಗೆ ಹೋಗ್ಬೇಕು ಅಂತ ಇದೆ. ಹೋಗ್ಲಿ. ಯಾರು ಎತ್ಕೊಂಡು ಹೋಗ್ಬೇಕು ಅಂತ ಇದೆಯಾ? ಎತ್ಕೊಂಡು ಹೋದೋರು ಯಾವಾಗ ವಾಪಸ್ ಬರ್ಬೇಕು ಅಂತ ಇದೆಯಾ?”

“ಇ... ಇಲ್ಲ ಅತ್ತಿಗೆ. ಲೋಪ. ದೊಡ್ಡ ಲೋಪ!”

ಬೀಗಿತ್ತಿ ನನ್ನ ಮುಖ ನೋಡಿದರು, ಅವನ ಮುಖ ನೋಡಿದರು. ಅಜ್ಜಿಯಾದವರಿಗೆ ಬಿಡಿಸಿ ಹೇಳಬೇಕೇ? “ಅದಕ್ಕೇನು ಅನ್ನಯ್ಯಾ, ನೀವೇ ಎತ್ಕೊಂಡು ಬನ್ನಿ. ಸುಗ್ಗಿ ಮುಗಿಯೋ ತನಕ ನಮ್ಮ ತೋಟದಲ್ಲೇ ಇರಿ. ಮೇಜು ಮಾತ್ರ ತರ್ಬೇಡಿ, ನಮ್ಮ ಬಾಗಿಲು ಇನ್ನೂ ಚಿಕ್ಕದು!”

“ಆಕ್ಷೇಪಣೆ ಇದ್ಯಾ?” ಈ ಸಲ ಕೇಳಿದವಳು ನಾನು.

ಅವನು ಮಗುವನ್ನು ಎತ್ತಿಕೊಂಡು ಅದರ ಕುಲಾವಿಯಲ್ಲಿ ಮುಖ ಇಟ್ಟುಬಿಟ್ಟ.

ಅವತ್ತು ಅವನು ಮಗುವನ್ನು ಎದೆಗವಚಿಕೊಂಡು ಹುಣಸೆಮರದ ಕೆಳಗೇ ನಿಂತ. ಮಗಳು, ಬೀಗಿತ್ತಿ, ಮೊಮ್ಮಗಳು ಎಲ್ಲ ಅವನ ಹಿಂದೆ. ಟೀ ಅಂಗಡಿಗೆ ನಡಿಯೋ ಎಂದರೆ ಕೇಳಲಿಲ್ಲ. ಬಸ್ಸು ಬಂತು. ಕಂಡಕ್ಟರ್ ಕಿಟಕಿಯಿಂದ ಕೂಗಲು ಬಾಯಿ ತೆರೆದವನು ಮಗುವನ್ನು ನೋಡಿ ಸೀಟಿ ಊದಿದ. ಬಸ್ಸು ಹುಣಸೆಮರದ ಕೆಳಗೆ ನಿಂತಿತು!

“ಹತ್ತಿ ಮೇಜು ಸಾಮೀ. ಇವತ್ತು ಹಳೇ ನಿಯಮ.”

ನಾಲ್ಕು ದಿನಕ್ಕೆ ಬರುತ್ತೇನೆ ಎಂದು ಹೋದವನು ಇನ್ನೂ ಬಂದಿಲ್ಲ. ಅದೇ ಕಂಡಕ್ಟರ್ ಕೈಲಿ ಹೇಳಿ ಕಳಿಸಿದ್ದಾನೆ: “ಸ್ಥಳ ಪರಿಶೀಲನೆ ನಡೀತಿದೆ. ಮೊಮ್ಮಗಳೂ ಪ್ರತಿಯೋಜೋ ಇಲ್ಲದೆ ಮಲಗ್ತಿಲ್ಲ.”

ಮನೆ ಸದ್ದಿಲ್ಲದೆ ಇದೆ. ಯಜಮಾನರು ಇವತ್ತು ಬೆಳಗ್ಗೆ ಕಾಫಿ ಹಿಡಿದು, “ನಿನ್ನೆಯಿಂದ...” ಎಂದು ಶುರು ಮಾಡಿದರು, ರದ್ದು ಮಾಡುವವರು ಇಲ್ಲದೆ ಸಪ್ಪೆ ಕಾಫಿಯನ್ನೇ ಕುಡಿದರು. ನನಗೆ ತಡೆಯಲಾಗಲಿಲ್ಲ. ಎರಡು ಸೀರೆ, ಒಂದು ಡಬ್ಬಿ ಚಕ್ಕುಲಿ ಹಾಕಿ ನನ್ನ ಚೀಲವನ್ನು ಮೇಜಿನ ಮೇಲೆ ಇಟ್ಟು, ಹಸುವಿಗೆ ಹುಲ್ಲು ಹಾಕಲು ಹಿತ್ತಲಿಗೆ ಹೋದೆ. ಬಂದು ನೋಡುತ್ತೇನೆ, ಚೀಲದ ಪಕ್ಕದಲ್ಲಿ ಯಾರೋ ಮಡಿಸಿದ ಪಂಚೆ ಒಂದನ್ನು ಇಟ್ಟಿದ್ದಾರೆ. ಅದರ ಮೇಲೆ ಕನ್ನಡಕ.